ಫಾರಂ ತುಂಬುವವರ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಡಿ

ಇಂಟರ್‌ವ್ಯೂಗೆ ಬರುವವರಿಗೆ ನಾನು ಕೊಡುವ ಲೆಕ್ಕ ತೀರ ಸಣ್ಣದು. ಹೆಸರು, ಮೊಬೈಲ್ ನಂಬರ್, ಪಿನ್‌ಕೋಡ್ ಈ ಮೂರು ಕಾಲಂ ಇರುವ ಒಂದು ಫಾರಂ ಮಾಡಿ ಸರ್ವರಿಗೆ ಕಳಿಸಿ, ಅಷ್ಟೇ. ಬಂದವರು ರಿಯಾಕ್ಟ್ ತೆರೆದು ಮೊದಲು ಬರೆಯುವುದು ಮೂರು ಯೂಸ್‌ಸ್ಟೇಟ್. ಆಮೇಲೆ ಮೂರು ಆನ್‌ಚೇಂಜ್. ಆಮೇಲೆ ತಪ್ಪುಗಳನ್ನಿಡಲು ಒಂದು ಆಬ್ಜೆಕ್ಟ್, ಯಾವ ಕಾಲಂ ಮುಟ್ಟಿದ್ದಾರೆ ಎಂದು ತಿಳಿಯಲು ಇನ್ನೊಂದು, ‘ಕಳಿಸುತ್ತಿದೆ’ ಎಂದು ತೋರಿಸಲು ಮತ್ತೊಂದು. ಅರ್ಧ ಗಂಟೆ ಕಳೆದರೂ ಸಬ್ಮಿಟ್ ಬಟನ್ ಹುಟ್ಟಿರುವುದಿಲ್ಲ. ಆಗ ಕೇಳುತ್ತೇನೆ: “ಈ ಮೂರು ಯೂಸ್‌ಸ್ಟೇಟ್ ಅಳಿಸಿಬಿಟ್ಟರೆ, ಬಾಕ್ಸಲ್ಲಿ ಟೈಪ್ ಮಾಡಿದ ಹೆಸರು ಎಲ್ಲಿಗೆ ಹೋಗುತ್ತೆ?” ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಬರುತ್ತದೆ: “ಎಲ್ಲೂ ಹೋಗಲ್ಲ ಮೇಡಂ, ಬಾಕ್ಸಲ್ಲೇ ಇರುತ್ತೆ.”

ನಾನು ಹೇಳಬೇಕೆಂದಿರುವುದು ಇದೇ. ಫಾರಂ ಎನ್ನುವುದು ತುಂಬುವವರು ಬರೆಯುತ್ತಿರುವ ಕರಡು. ಬರೆದು ಕಳಿಸುವ ತನಕ ಅದನ್ನು ಬ್ರೌಸರ್ ಜೋಪಾನ ಮಾಡುತ್ತದೆ. ಕಳಿಸಿದ ಮೇಲೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಸರ್ವರ್. ಇವೆರಡರ ನಡುವೆ ನಿಂತ ಫ್ರೇಮ್‌ವರ್ಕ್ ಎರಡೂ ಕೆಲಸವನ್ನು ತಾನೇ ಮಾಡಲು ಹೊರಟದ್ದರಿಂದಲೇ ‘ಫಾರಂ ಸ್ಟೇಟ್ ಮ್ಯಾನೇಜ್‌ಮೆಂಟ್’ ಎಂಬ ದೊಡ್ಡ ತಲೆನೋವು ಹುಟ್ಟಿತು. ನಮ್ಮ ಕಸುಬಿನಲ್ಲಿ ಚಾಲ್ತಿಯಲ್ಲಿರುವ ಮಾತು ಇದಕ್ಕೆ ತದ್ವಿರುದ್ಧ. ಬಾಕ್ಸಿನ ಪ್ರತಿ ಅಕ್ಷರವೂ ಸ್ಟೇಟ್‌ನಲ್ಲಿರಬೇಕು, ಪ್ರತಿ ಅಕ್ಷರಕ್ಕೂ ವ್ಯಾಲಿಡೇಶನ್ ಓಡಬೇಕು, ಎಲ್ಲ ಸರಿಯಾಗುವ ತನಕ ಬಟನ್ ಬೂದಿ ಬಣ್ಣದಲ್ಲಿರಬೇಕು; ಹಾಗಿದ್ದರೆ ಮಾತ್ರ ಅದು ಅಚ್ಚುಕಟ್ಟಾದ ಫಾರಂ. ಈ ಮೂರನ್ನೂ ನಾನು ಒಪ್ಪುವುದಿಲ್ಲ.

ಈ ನಂಬಿಕೆಗೆ ಒಂದು ಚರಿತ್ರೆಯಿದೆ. 2013ರಲ್ಲಿ ಫೇಸ್‌ಬುಕ್ ರಿಯಾಕ್ಟನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಪರದೆಯ ಮೇಲೆ ಕಾಣುವುದೆಲ್ಲ ಸ್ಟೇಟ್‌ನಿಂದಲೇ ಹುಟ್ಟಬೇಕು ಎಂಬುದು ಅದರ ಮೂಲತತ್ವ. ಪಟ್ಟಿ, ಎಣಿಕೆ, ಚಾಟ್ ಕಿಟಕಿಗಳಿಗೆ ಈ ತತ್ವ ವರವಾಯಿತು, ಅನುಮಾನವಿಲ್ಲ. ಆದರೆ ಇನ್‌ಪುಟ್ ಬಾಕ್ಸಿನ ಸ್ವಭಾವವೇ ಬೇರೆ. ಅದಕ್ಕೆ ತನ್ನದೇ ನೆನಪಿದೆ. 1995ರ ಎಚ್‌ಟಿಎಂಎಲ್ 2.0 ಕಾಲದ ಫಾರಂ ಕೂಡ, ಜಾವಾಸ್ಕ್ರಿಪ್ಟಿನ ನೆರವಿಲ್ಲದೆ, ಬರೆದದ್ದನ್ನು ಹಿಡಿದಿಟ್ಟುಕೊಂಡು ಸರ್ವರಿಗೆ ಮುಟ್ಟಿಸುತ್ತಿತ್ತು. ಇಂಥ ಬಾಕ್ಸನ್ನು ರಿಯಾಕ್ಟಿನ ಒಳಗೆ ತಂದಾಗ ಒಂದೇ ಹೆಸರಿಗೆ ಇಬ್ಬರು ಯಜಮಾನರಾದರು. ಈ ಜಗಳವನ್ನು ಬಗೆಹರಿಸಲು ಬಂದದ್ದೇ ‘ಕಂಟ್ರೋಲ್ಡ್ ಕಾಂಪೊನೆಂಟ್’: ಬಾಕ್ಸಿನ ಬಾಯಿ ಕಟ್ಟಿ ಸ್ಟೇಟ್ ಹೇಳಿದ್ದನ್ನಷ್ಟೇ ಅದು ತೋರಿಸುವಂತೆ ಮಾಡುವ ಏರ್ಪಾಡು. ಬಹುಪಾಲು ಸಂದರ್ಭಗಳಲ್ಲಿ ಇದನ್ನೇ ಬಳಸಿ ಎಂದು ರಿಯಾಕ್ಟಿನ ಹಳೆಯ ಕೈಪಿಡಿ ಶಿಫಾರಸು ಮಾಡಿತು. ಆ ಒಂದು ಸಾಲನ್ನು ನಮ್ಮ ಟ್ಯುಟೋರಿಯಲ್‌ಗಳು ವೇದವಾಕ್ಯ ಮಾಡಿಕೊಂಡವು.

ಒಂದು ಅಕ್ಷರ ಟೈಪ್ ಮಾಡಿದಾಗ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ನೀವು ‘ಕ’ ಒತ್ತಿದ್ದೀರಿ. ಬ್ರೌಸರ್ ಅದನ್ನು ಬಾಕ್ಸಿನಲ್ಲಿ ಇಟ್ಟೇಬಿಟ್ಟಿದೆ, ಕೆಲಸ ಮುಗಿದಿದೆ. ಆಮೇಲೆ ಆನ್‌ಚೇಂಜ್ ಏಳುತ್ತದೆ, ಸ್ಟೇಟ್ ಬದಲಾಗುತ್ತದೆ, ಕಾಂಪೊನೆಂಟ್ ಮತ್ತೆ ರೆಂಡರ್ ಆಗುತ್ತದೆ, ಸ್ಟೇಟ್‌ನಲ್ಲಿರುವುದೂ ಬಾಕ್ಸಿನಲ್ಲಿರುವುದೂ ಒಂದೇ ಹೌದೋ ಅಲ್ಲವೋ ಎಂದು ತಾಳೆ ನೋಡಲಾಗುತ್ತದೆ. ಸ್ಟೇಟ್ ಬದಲಾಗದೆ ಉಳಿದಿದ್ದರೆ ನೀವು ಬರೆದ ‘ಕ’ವನ್ನು ರಿಯಾಕ್ಟ್ ಅಳಿಸಿ ಹಳೆಯದನ್ನೇ ತಂದು ಕೂರಿಸುತ್ತದೆ. ಇಷ್ಟೆಲ್ಲ ಓಡಾಟ ನಡೆಯುವುದು ಬ್ರೌಸರ್ ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಇನ್ನೊಂದು ನಕಲು ಇಟ್ಟುಕೊಳ್ಳಲು. ಮೂರು ಕಾಲಂ ಇದ್ದಾಗ ಇದರಿಂದ ವೇಗವೇನೂ ತಗ್ಗುವುದಿಲ್ಲ. ನನ್ನ ತಕರಾರು ವೇಗದ ಬಗ್ಗೆಯೂ ಅಲ್ಲ. ನಕಲು ಇದ್ದಲ್ಲಿ ನಕಲಿಗೂ ಮೂಲಕ್ಕೂ ಹೊಂದಾಣಿಕೆ ತಪ್ಪುವ ಸಾಧ್ಯತೆ ಇದ್ದೇ ಇರುತ್ತದೆ. ನಾವು ಬಗೆಹರಿಸುವ ಫಾರಂ ಬಗ್‌ಗಳಲ್ಲಿ ಬಹಳಷ್ಟು ಇಂಥ ತಾಳೆ ತಪ್ಪಿದ ಲೆಕ್ಕಗಳೇ.

ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. ಈ ಲೋಕದ ಹಿರಿಯರೇ ಸದ್ದಿಲ್ಲದೆ ಹಿಂದೆ ಸರಿದಿದ್ದಾರೆ. ರಿಡಕ್ಸ್ ಫಾರಂ ಎಂಬ ಲೈಬ್ರರಿ ಪ್ರತಿ ಕೀಲಿಯ ಒತ್ತನ್ನೂ ಇಡೀ ಅಪ್ಲಿಕೇಶನ್ನಿನ ಸ್ಟೇಟ್ ಇಡುವ ರಿಡಕ್ಸ್ ಎಂಬ ಉಗ್ರಾಣಕ್ಕೆ ಸಾಗಿಸುತ್ತಿತ್ತು. ಇಂದು ರಿಡಕ್ಸ್‌ನ ಸ್ವಂತ ಶೈಲಿ ಕೈಪಿಡಿಯೇ ಫಾರಂ ಸ್ಟೇಟನ್ನು ಇಲ್ಲಿಗೆ ತರಬೇಡಿ ಎನ್ನುತ್ತದೆ. 2017ರ ಹೊತ್ತಿಗೆ ಬಂದ ಫಾರ್ಮಿಕ್, ಉಗ್ರಾಣ ಬೇಡ, ಫಾರಂ ಪಕ್ಕದಲ್ಲೇ ಒಂದು ಗೂಡು ಸಾಕು ಎಂದಿತು. 2019ರಲ್ಲಿ ಬಂದ ರಿಯಾಕ್ಟ್ ಹುಕ್ ಫಾರಂ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಬರೆದದ್ದು ಬಾಕ್ಸಿನಲ್ಲೇ ಇರಲಿ, ಬೇಕಾದಾಗ ಕೇಳಿ ಪಡೆಯೋಣ ಎಂದಿತು. 2021ರಲ್ಲಿ ಮುಕ್ತವಾದ ರೀಮಿಕ್ಸ್ ಹಳೆಯ ಫಾರಂ ಟ್ಯಾಗನ್ನೇ ಮತ್ತೆ ನಡುಮನೆಗೆ ಕರೆತಂದಿತು. 2024ರ ಡಿಸೆಂಬರಿನಲ್ಲಿ ಬಂದ ರಿಯಾಕ್ಟ್ 19ರಲ್ಲಿ ಫಾರಂ ಟ್ಯಾಗಿನ ‘ಆಕ್ಷನ್’ಗೆ ನೇರವಾಗಿ ಒಂದು ಫಂಕ್ಷನ್ ಕೊಡಬಹುದು, ತುಂಬಿದ್ದೆಲ್ಲ ಒಂದೇ ಗಂಟಾಗಿ ಅದರ ಕೈಗೆ ಬರುತ್ತದೆ. ಊರೆಲ್ಲ ಸುತ್ತಿ ಮನೆಗೇ ಬಂದ ಹಾಗಾಯಿತು. ಆದರೂ ಟ್ರೇನಿಂಗ್ ಸೆಂಟರುಗಳ ಬೋರ್ಡಿನ ಮೇಲೆ ಇವತ್ತಿಗೂ ಮೊದಲ ಪಾಠ ಮೂರು ಯೂಸ್‌ಸ್ಟೇಟ್.

ಹೊಸ ದಾರಿಯಲ್ಲೂ ಹಳೆಯ ಚಾಳಿ ಪೂರ್ತಿ ಹೋಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. ರಿಯಾಕ್ಟ್ 19ರಲ್ಲಿ ಆಕ್ಷನ್ ಮುಗಿದ ಕೂಡಲೇ ಕಂಟ್ರೋಲ್ ಇಲ್ಲದ ಬಾಕ್ಸುಗಳೆಲ್ಲ ತಾವಾಗಿ ಖಾಲಿಯಾಗುತ್ತವೆ. ಅರ್ಜಿ ಸೇರಿತು, ಫಾರಂ ಖಾಲಿಯಾಯಿತು, ಒಳ್ಳೆಯದೇ. ಆದರೆ ಸರ್ವರ್ ‘ಪಿನ್‌ಕೋಡ್ ತಪ್ಪಿದೆ’ ಎಂಬ ಸಂದೇಶವನ್ನು ಮರ್ಯಾದೆಯಿಂದ ಹಿಂದಿರುಗಿಸಿದರೂ ರಿಯಾಕ್ಟಿನ ಕಣ್ಣಿಗೆ ಅದು ಸಸೂತ್ರವಾಗಿ ಮುಗಿದ ಕೆಲಸವೇ. ಒಂದು ಕಾಲಂ ತಪ್ಪಿದ್ದಕ್ಕೆ ಮಿಕ್ಕವೂ ಅಳಿಸಿಹೋಗುತ್ತವೆ. ತುಂಬಿದ್ದನ್ನೇ ಮತ್ತೆ ಡಿಫಾಲ್ಟ್ ವ್ಯಾಲ್ಯೂ ಆಗಿ ಕೊಟ್ಟರೆ ಸರಿಹೋಗುತ್ತದೆ. ಆದರೆ ಅದು ಗೊತ್ತಿರಬೇಕು. ಜಾಂಗೋ ಎಂಬ ಹಳೆಯ ಸರ್ವರ್ ಫ್ರೇಮ್‌ವರ್ಕ್‌ನ ಫಾರಂ ಕ್ಲಾಸ್ ಇದನ್ನು ಹೇಳಿಸಿಕೊಳ್ಳದೆ ಮಾಡುತ್ತದೆ: ತಪ್ಪಿದ್ದರೆ ಬರೆದದ್ದೆಲ್ಲ ಇದ್ದಲ್ಲೇ ಇಟ್ಟು, ತಪ್ಪಿದ ಕಾಲಂ ಪಕ್ಕ ಒಂದು ಮಾತು ಸೇರಿಸಿ ಹಿಂದಕ್ಕೆ ಕೊಡುತ್ತದೆ. ಕರಡು ಯಾರದು ಎಂಬ ಪ್ರಶ್ನೆಗೆ ಜಾಂಗೋ ಮೊದಲೇ ಉತ್ತರ ಕಂಡುಕೊಂಡಿತ್ತು.

ಇನ್ನು ವ್ಯಾಲಿಡೇಶನ್. ಮೊಬೈಲ್ ನಂಬರಿನ ಮೊದಲ ಅಂಕಿ ಒತ್ತಿದ ಕೂಡಲೇ ಕೆಂಪಕ್ಷರ: ‘10 ಅಂಕಿ ಇರಬೇಕು’. ಇರಲೇಬೇಕಲ್ಲ, ಇನ್ನೂ ಒಂಬತ್ತು ಒತ್ತುವುದಿದೆ! ಬ್ಯಾಂಕಿನಲ್ಲಿ ಚಲನ್ ಬರೆಯುವಾಗ ಯಾರಾದರೂ ಭುಜದ ಮೇಲಿಂದ ಬಗ್ಗಿ ‘ಮೊತ್ತ ಪೂರ್ತಿ ಬರೆದಿಲ್ಲ, ಸಹಿ ಹಾಕಿಲ್ಲ’ ಎನ್ನುತ್ತಿದ್ದರೆ ನಾವು ಪೆನ್ನು ಬಿಸಾಡಿ ಎದ್ದು ಬರುತ್ತೇವೆ. ಪರದೆಯ ಮೇಲೆ ಅದನ್ನೇ ‘ತಕ್ಷಣದ ಪ್ರತಿಕ್ರಿಯೆ’ ಎಂದು ಕರೆದು ಹೆಮ್ಮೆಪಡುತ್ತೇವೆ. ಇದಕ್ಕೆ ಆಧಾರವಾಗಿ ಎಲ್ಲರೂ ಎತ್ತಿ ತೋರಿಸುವುದು 2009ರಲ್ಲಿ ಲ್ಯೂಕ್ ರೊಬ್ಲೆವ್‌ಸ್ಕಿ ಪ್ರಕಟಿಸಿದ ಒಂದು ಪ್ರಯೋಗ. 22 ಜನರ ಮೇಲೆ ನಡೆದ ಆ ಪರೀಕ್ಷೆಯಲ್ಲಿ, ಸಬ್ಮಿಟ್ ಆದ ಮೇಲೆ ತಪ್ಪು ತೋರಿಸುವುದಕ್ಕಿಂತ ಕಾಲಂ ಪಕ್ಕದಲ್ಲೇ ತೋರಿಸುವುದು ಚೆನ್ನಾಗಿ ನಡೆಯಿತು ಎಂಬುದು ನಿಜ. ಆದರೆ ಅದೇ ಬರಹದ ಮುಂದಿನ ಭಾಗವನ್ನು ಓದಿದವರು ಕಡಿಮೆ. ಟೈಪ್ ಮಾಡುತ್ತಿರುವಾಗಲೇ ಸಂದೇಶ ಕಂಡವರಿಗಿಂತ, ಕಾಲಂ ಬರೆದು ಮುಗಿಸಿದ ಮೇಲೆ ಕಂಡವರು ಫಾರಂ ಬೇಗ ಮುಗಿಸಿದರು. ಅಂದರೆ ನಮ್ಮ ಮೆಚ್ಚಿನ ಸಾಕ್ಷಿಯೇ ನಮ್ಮ ವಿರುದ್ಧ ಸಾಕ್ಷಿ ನುಡಿದಿದೆ.

ಬ್ರೌಸರುಗಳು ಈ ಪಾಠವನ್ನು ತಡವಾಗಿ ಕಲಿತವು. ಸಿಎಸ್‌ಎಸ್‌ನ ‘ಇನ್‌ವ್ಯಾಲಿಡ್’ ಎಂಬ ಗುರುತು ಪುಟ ತೆರೆದ ಕ್ಷಣದಲ್ಲೇ ಖಾಲಿ ಕಾಲಂಗೆ ಕೆಂಪು ಬಳಿಯುತ್ತಿತ್ತು. ‘ಯೂಸರ್-ಇನ್‌ವ್ಯಾಲಿಡ್’ ಎಂಬ ಹೊಸ ಗುರುತು ತುಂಬುವವರು ಆ ಕಾಲಂ ಮುಟ್ಟಿ ಹೊರಬರುವ ತನಕ ಕಾಯುತ್ತದೆ. 2023ರಿಂದ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಅದು ಇದೆ. ನಾವು ‘ಟಚ್ಡ್’, ‘ಡರ್ಟಿ’ ಎಂದು ಸ್ಟೇಟ್ ಇಟ್ಟು ಲೆಕ್ಕ ಹಾಕುತ್ತಿದ್ದುದನ್ನು ಈಗ ಸಿಎಸ್‌ಎಸ್‌ನ ಒಂದು ಸಾಲು ಮಾಡುತ್ತದೆ.

ಬೂದಿ ಬಟನ್ ಬಗ್ಗೆ ಎರಡು ಮಾತು ಸಾಕು. ಒತ್ತಲಾಗದ ಬಟನ್ ತಾನೇಕೆ ಒತ್ತಲಾಗದು ಎಂಬುದನ್ನು ಹೇಳುವುದಿಲ್ಲ. ಒತ್ತಲು ಬಿಡಿ, ಒತ್ತಿದ ಮೇಲೆ ಏನು ತಪ್ಪಿದೆ ಎಂದು ಮಾತಿನಲ್ಲಿ ಹೇಳಿ. ತಪ್ಪನ್ನು ಅಕ್ಷರದಲ್ಲಿ ಬರೆದು ತಿಳಿಸಬೇಕೆಂಬುದು ವೆಬ್ ಎಲ್ಲರಿಗೂ ಎಟುಕಬೇಕೆನ್ನುವ ಡಬ್ಲ್ಯುಸಿಎಜಿ ನಿಯಮಾವಳಿಯ ತೀರ ಕೆಳಗಿನ ಮೆಟ್ಟಿಲಿನ ಷರತ್ತು. ಬಾಕ್ಸಿನ ಸುತ್ತ ಬರೀ ಕೆಂಪು ಗೆರೆ ಎಳೆದರೆ ಕಣ್ಣು ಕಾಣದವರಿಗೂ ಬಣ್ಣ ತಿಳಿಯದವರಿಗೂ ಅದು ಇದ್ದೂ ಇಲ್ಲದ ಹಾಗೆ.

ವ್ಯಾಲಿಡೇಶನ್ ನಿಯಮ ಕಠಿಣವಾದಷ್ಟೂ ಡೇಟಾ ಶುದ್ಧವಾಗುತ್ತದೆ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಇದರ ಪೊಳ್ಳುತನ ನನಗೆ ತಿಳಿದದ್ದು ನನ್ನದೇ ಕೋಡಿನಿಂದ. ಕನ್ನಡದಲ್ಲಿ ಹೆಸರು ಬರೆಯುವ ಒಂದು ಫಾರಂ ಮಾಡಬೇಕಿತ್ತು. ಎ-ಯಿಂದ ಜೆಡ್‌ವರೆಗಿನ ಇಂಗ್ಲಿಷ್ ಅಕ್ಷರಕ್ಕಷ್ಟೇ ಅವಕಾಶವಿದ್ದ ಹಳೆಯ ನಿಯಮ ಕಿತ್ತುಹಾಕಿ, ಯೂನಿಕೋಡ್‌ನಲ್ಲಿ ‘ಅಕ್ಷರ’ ಎಂಬ ವರ್ಗಕ್ಕೆ ಸೇರಿದ್ದೆಲ್ಲ ನಡೆಯುತ್ತದೆ ಎಂದು ಬರೆದೆ. ಜಾವಾಸ್ಕ್ರಿಪ್ಟಿಗೆ ಆ ಅನುಕೂಲ ಬಂದದ್ದು 2018ರಲ್ಲಿ. ‘ಕಮಲ’ ಎಂದು ಬರೆದು ನೋಡಿದೆ, ಸರಿ. ‘ರಮಣ’, ಸರಿ. ಹೆಮ್ಮೆಯಿಂದ ಕಳಿಸಿಕೊಟ್ಟೆ. ಮೊದಲ ದಿನವೇ ‘ಗೀತಾ’ ಎಂಬ ಹೆಸರು ಹೊರಗೆ ಬಿತ್ತು. ಕಾರಣ ಸರಳ: ಗ ಮತ್ತು ತ ಅಕ್ಷರ ವರ್ಗದವು, ಅವುಗಳಿಗೆ ಅಂಟಿದ ಗುಣಿತದ ಚಿಹ್ನೆಗಳು ‘ಮಾರ್ಕ್’ ಎಂಬ ಬೇರೆ ವರ್ಗದವು. ಕಮಲ, ರಮಣ ಎರಡರಲ್ಲೂ ಗುಣಿತವೇ ಇರಲಿಲ್ಲ; ನನ್ನ ಪರೀಕ್ಷೆ ನನಗೆ ಬೇಕಾದ ಉತ್ತರವನ್ನೇ ಕೊಟ್ಟಿತ್ತು.

ಮಾರ್ಕ್ ವರ್ಗವನ್ನೂ ಸೇರಿಸಿದೆ. ಈಗ ‘ರಾಜ್‌ಕುಮಾರ್’ ಹೊರಗೆ ಬಿದ್ದ. ಜ್ ಮತ್ತು ಕು ಒಂದಕ್ಕೊಂದು ಒತ್ತಾಗಿ ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಅದು ಅಕ್ಷರವೂ ಅಲ್ಲ, ಮಾರ್ಕೂ ಅಲ್ಲ, ಮೂರನೆಯದೇ ಒಂದು ವರ್ಗ. ಆ ಹೆಸರನ್ನು ಬಿಡಿಸಿ ಎಣಿಸಿದರೆ ಕಣ್ಣಿಗೆ ರಾ, ಜ್, ಕು, ಮಾ, ರ್ ಎಂದು 5, ಕಂಪ್ಯೂಟರಿಗೆ 11. ‘ಗರಿಷ್ಠ 10 ಅಕ್ಷರ’ ಎಂದು ಬಾಕ್ಸಿಗೆ ಮಿತಿ ಹಾಕಿದ್ದರೆ ಆ ಹೆಸರಿನ ಕೊನೆಯ ಅರ್ಧಾಕ್ಷರ ಪೂರ್ತಿ ‘ರ’ ಆಗಿ ಉಳಿಯುತ್ತಿತ್ತು. ಕೊನೆಗೆ ನಾನು ಇಟ್ಟುಕೊಂಡ ನಿಯಮ ಇಷ್ಟೇ: ಹೆಸರಿನ ಕಾಲಂ ಖಾಲಿ ಇರಬಾರದು. ಅದರಿಂದ ಡೇಟಾ ಕೆಡಲಿಲ್ಲ. ಜನರಿಗೆ ತಮ್ಮ ಹೆಸರು ಬರೆಯಲು ಬರುತ್ತದೆ.

ಪ್ರತಿ ಕೀಲಿಗೂ ಕೈ ಹಾಕುವ ಅಭ್ಯಾಸ ಕನ್ನಡಕ್ಕೆ ಕೊಡುವ ಇನ್ನೊಂದು ಪೆಟ್ಟೂ ಇದೆ. ಇಂಗ್ಲಿಷಿನಲ್ಲಿ ಒತ್ತಿ ಕನ್ನಡ ಪಡೆಯುವ ಕೀಬೋರ್ಡುಗಳಲ್ಲಿ ಪದ ಪೂರ್ತಿಯಾಗುವ ತನಕ ಬಾಕ್ಸಿನಲ್ಲಿ ಅಡಿಗೆರೆ ಎಳೆದ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ‘ಕನ್ನಡವಲ್ಲದ್ದನ್ನು ಅಳಿಸು’ ಎಂದು ಆನ್‌ಚೇಂಜ್‌ನಲ್ಲಿ ಬರೆದಿದ್ದರೆ, ಕನ್ನಡವಾಗಲು ಹೊರಟ ಅಕ್ಷರವನ್ನೇ ಅದು ಅಳಿಸುತ್ತದೆ. ಕನ್ನಡವನ್ನು ಕಾಯಲು ಇಟ್ಟ ಕಾವಲು ಕನ್ನಡವನ್ನೇ ಒಳಗೆ ಬಿಡುವುದಿಲ್ಲ.

ಹೆಸರಿನ ಪಾಡು ಇಲ್ಲಿಗೇ ಮುಗಿಯುವುದಿಲ್ಲ. ‘ಲಾಸ್ಟ್ ನೇಮ್ ಕಡ್ಡಾಯ’ ಎಂಬ ಕೆಂಪು ನಕ್ಷತ್ರ ನೋಡಿ ನಮ್ಮಲ್ಲಿ ಎಷ್ಟೋ ಮಂದಿ ತಲೆ ಕೆರೆದುಕೊಂಡಿದ್ದಾರೆ. ಊರಿನದೋ ತಂದೆಯದೋ ಇನಿಷಿಯಲ್ ಬಿಟ್ಟರೆ ಇರುವುದು ಒಂದೇ ಹೆಸರು. ಕೆಲವರು ಚುಕ್ಕಿ ಇಡುತ್ತಾರೆ, ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರು ಅಮೆರಿಕದ ವೀಸಾ ಪಡೆದರೆ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ: ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಹೆಸರಿನ ಬಗ್ಗೆ ಪ್ರೋಗ್ರಾಮರುಗಳಿಗಿರುವ ತಪ್ಪು ನಂಬಿಕೆಗಳನ್ನು ಪ್ಯಾಟ್ರಿಕ್ ಮೆಕೆಂಜಿ 2010ರಲ್ಲೇ ಪಟ್ಟಿ ಮಾಡಿ ಬರೆದರು. ಆಮೇಲೂ ಫಾರಂಗಳು ಬದಲಾಗಿಲ್ಲ.

ಕಠಿಣ ನಿಯಮ ಸರಿಯಾದದ್ದನ್ನು ಹೊರಗಿಟ್ಟು ತಪ್ಪನ್ನು ಒಳಗೆ ಬಿಟ್ಟುಕೊಳ್ಳುವ ಒಂದು ಉದಾಹರಣೆ ಹೇಳುತ್ತೇನೆ. ಮೊಬೈಲ್ ಕಾಲಂಗೆ ಎರಡು ನಿಯಮ: 10ಕ್ಕಿಂತ ಹೆಚ್ಚು ಅಂಕಿ ಹಿಡಿಸದು, ಮೊದಲ ಅಂಕಿ 6ರಿಂದ 9ರೊಳಗಿರಬೇಕು. ನೋಡಲು ಬಿಗಿಯಾಗಿದೆ. ಈಗ ಒಬ್ಬರು ಬೇರೆ ಕಡೆಯಿಂದ ತಮ್ಮ ನಂಬರನ್ನು ಕಾಪಿ ಮಾಡಿ ತಂದಿದ್ದಾರೆ, ಅದರ ಮುಂದೆ 91 ಇದೆ. ಒಟ್ಟು 12 ಅಂಕಿ. ಬಾಕ್ಸಿಗೆ ಪೇಸ್ಟ್ ಮಾಡಿದರೆ ಬ್ರೌಸರ್ ಮೊದಲ 10 ಇಟ್ಟುಕೊಂಡು ಕೊನೆಯ ಎರಡನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಉಳಿದದ್ದು 9ರಿಂದ ಶುರುವಾಗುವ 10 ಅಂಕಿ: ಎರಡೂ ನಿಯಮ ಪಾಸು, ಪಕ್ಕದಲ್ಲಿ ಹಸಿರು ಟಿಕ್. ಒಟಿಪಿ ಮಾತ್ರ ಇನ್ಯಾರಿಗೋ ಹೋಗುತ್ತದೆ. ಐದು ಅಂಕಿ ಬರೆದು, ಜಾಗ ಬಿಟ್ಟು, ಮತ್ತೆ ಐದು ಬರೆಯುವ ನಮ್ಮ ರೂಢಿಯಂತೆ ಸರಿಯಾಗಿ ಟೈಪ್ ಮಾಡಿದವರಿಗೆ ಮಾತ್ರ ಕೆಂಪಕ್ಷರ. ಉದ್ದದ ಮಿತಿ ತೆಗೆಯಿರಿ, ಹೇಗೆ ಬರೆದರೂ ತೆಗೆದುಕೊಳ್ಳಿ, ಜಾಗವನ್ನೂ 91ನ್ನೂ ಸರ್ವರಿನಲ್ಲಿ ನೀವೇ ಸವರಿಕೊಳ್ಳಿ. ಅದು ಯಂತ್ರದ ಕೆಲಸ.

ಇಲ್ಲಿಗೆ ಸರ್ವರಿನ ಮಾತು ಬಂತು. ವ್ಯಾಲಿಡೇಶನ್‌ನಲ್ಲಿ ಎರಡು ಬಗೆ. ಒಂದು ಆಕಾರದ್ದು, ಇನ್ನೊಂದು ಸತ್ಯದ್ದು. ಪಿನ್‌ಕೋಡ್ 6 ಅಂಕಿ, ಮೊದಲನೆಯದು ಸೊನ್ನೆಯಲ್ಲ ಎಂಬುದು ಆಕಾರ. ಆ ಪಿನ್‌ಕೋಡಿನ ಅಂಚೆ ಕಚೇರಿ ಇದೆಯೇ ಎಂಬುದು ಸತ್ಯ. ಆಧಾರ್‌ನ 12ನೆಯ ಅಂಕಿ ಮಿಕ್ಕ 11ರಿಂದ ವೆರ್ಹೂಫ್ ವಿಧಾನದಲ್ಲಿ ಲೆಕ್ಕ ಹಾಕಿದ್ದು. ಟೈಪ್ ಮಾಡುವಾಗ ಕೈ ತಪ್ಪಿದ್ದರೆ ಬ್ರೌಸರಿನಲ್ಲೇ ಹಿಡಿಯಬಹುದು. ಆದರೆ ಅದು ನಿಮ್ಮದೇ ನಂಬರೆಂದು ಯಾವ ರಿಯಾಕ್ಟೂ ಹೇಳಲಾರದು. ಬ್ರೌಸರಿನಲ್ಲಿ ಮಾಡುವುದು ಆಕಾರದ ಪರೀಕ್ಷೆ, ತುಂಬುವವರಿಗೆ ಒಂದು ಸೌಜನ್ಯ. ಬ್ರೌಸರನ್ನೇ ಬದಿಗಿಟ್ಟು ಬೇಕಾದ್ದನ್ನು ಸರ್ವರಿಗೆ ಕಳಿಸಲು ಯಾರಿಗೂ ಎರಡು ನಿಮಿಷ ಬೇಡ. ಹಾಗಾಗಿ ಅಲ್ಲಿ ಪಾಸಾಗಿದೆ ಎಂಬ ಕಾರಣಕ್ಕೆ ಸರ್ವರ್ ಏನನ್ನೂ ನಂಬಬಾರದು. ಸರ್ವರಿನ ಕೋಡೂ ಕೊನೆಯ ನ್ಯಾಯಾಲಯವಲ್ಲ. ಈ ಯೂಸರ್‌ನೇಮ್ ಬೇರೆಯವರಿಗಿಲ್ಲ ಎಂದು ರೇಲ್ಸ್ ಎಂಬ ಸರ್ವರ್ ಫ್ರೇಮ್‌ವರ್ಕ್‌ನ ವ್ಯಾಲಿಡೇಶನ್ ಪರಿಶೀಲಿಸಿದ ಮರುಕ್ಷಣದಲ್ಲೇ ಇನ್ನೊಬ್ಬರು ಅದೇ ಹೆಸರನ್ನು ಸೇರಿಸಬಹುದು. ಡೇಟಾಬೇಸಿನಲ್ಲೇ ಯೂನಿಕ್ ಇಂಡೆಕ್ಸ್ ಹಾಕಿ ಎಂದು ರೇಲ್ಸ್ ಕೈಪಿಡಿಯೇ ಎಚ್ಚರಿಸುತ್ತದೆ. ಟೈಪ್ ಮಾಡುವಾಗ ಕಾಣುವ ‘ಲಭ್ಯವಿದೆ’ ಎಂಬ ಹಸಿರು ಮಾತಿನ ಬೆಲೆ ಇಷ್ಟೇ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಅವುಗಳಲ್ಲಿ ಹುರುಳೂ ಇದೆ. ಬ್ರೌಸರ್ ತಾನಾಗಿ ತೋರಿಸುವ ತಪ್ಪಿನ ಗುಳ್ಳೆ ಸೊಗಸಾಗಿಲ್ಲ. ಒಮ್ಮೆಗೆ ಒಂದೇ ತಪ್ಪು ಹೇಳುತ್ತದೆ, ಹೇಳಿ ಮಾಯವಾಗುತ್ತದೆ. ಪುಟ ಕನ್ನಡದಲ್ಲಿದ್ದರೂ ಬ್ರೌಸರ್ ಇಂಗ್ಲಿಷಿನದಾದರೆ ಗುಳ್ಳೆ ಇಂಗ್ಲಿಷಿನಲ್ಲೇ ಮಾತಾಡುತ್ತದೆ. ಬ್ರಿಟನ್ ಸರ್ಕಾರದ ಡಿಸೈನ್ ಕೈಪಿಡಿ ಕೂಡ ಅದನ್ನು ಆಫ್ ಮಾಡಿ ಎನ್ನುತ್ತದೆ. ಆಂಗ್ಯುಲರ್ ಫ್ರೇಮ್‌ವರ್ಕ್ ಅಂತೂ ಹೇಳದೆ ಕೇಳದೆ ಫಾರಂಗೆ ‘ನೋವ್ಯಾಲಿಡೇಟ್’ ಅಂಟಿಸಿಬಿಡುತ್ತದೆ. ಒಪ್ಪಿದೆ. ಆದರೆ ನೋವ್ಯಾಲಿಡೇಟ್ ಹಾಕಿದರೆ ಗುಳ್ಳೆ ಹೋಗುತ್ತದೆ, ಬುದ್ಧಿ ಹೋಗುವುದಿಲ್ಲ. ರಿಕ್ವೈರ್ಡ್, ಪ್ಯಾಟರ್ನ್, ಮಿನ್, ಮ್ಯಾಕ್ಸ್ ಎಲ್ಲವನ್ನೂ ಬ್ರೌಸರ್ ಒಳಗೊಳಗೇ ಪರಿಶೀಲಿಸುತ್ತಲೇ ಇರುತ್ತದೆ. ಚೆಕ್‌ವ್ಯಾಲಿಡಿಟಿ ಕೇಳಿದರೆ ಉತ್ತರ ಕೊಡುತ್ತದೆ. ಆ ಉತ್ತರವನ್ನು ನಮ್ಮ ಕನ್ನಡದಲ್ಲಿ, ನಮಗೆ ಬೇಕಾದ ಜಾಗದಲ್ಲಿ ಬರೆದು ತೋರಿಸುವುದು ಹತ್ತಿಪ್ಪತ್ತು ಸಾಲಿನ ಕೆಲಸ.

ಜಿಲ್ಲೆ ಆರಿಸಿದ ಕೂಡಲೇ ತಾಲ್ಲೂಕಿನ ಪಟ್ಟಿ ಬದಲಾಗಬೇಕು, ಪ್ರಮಾಣ ಬರೆದಂತೆ ಬಿಲ್ಲಿನ ಮೊತ್ತ ಏರಬೇಕು ಎಂದಾದರೆ ಸ್ಟೇಟ್ ಬೇಕೇ ಬೇಕು. ಇಟ್ಟುಕೊಳ್ಳಿ, ಆ ಕಾಲಂಗೆ ಮಾತ್ರ. ಪರದೆಯ ಬೇರೆ ಭಾಗಗಳು ನೋಡುತ್ತಿರುವ ಮೌಲ್ಯಕ್ಕೆ ಸ್ಟೇಟ್. ಯಾರೂ ನೋಡದ ತಂದೆಯ ಹೆಸರಿಗೆ, ಮನೆ ವಿಳಾಸಕ್ಕೆ ಅದು ಯಾಕೆ? ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಬರೆಯುತ್ತಿರುವಾಗಲೇ ತೋರಿಸುವುದೂ ಉಪಕಾರವೇ, ಏಕೆಂದರೆ ಅಲ್ಲಿ ತುಂಬುವವರು ಹೊಸದೊಂದನ್ನು ಕಟ್ಟುತ್ತಿದ್ದಾರೆ. ಜೋಡ್‌ನಂಥ ಸ್ಕೀಮಾ ಲೈಬ್ರರಿಯಲ್ಲಿ ಒಮ್ಮೆ ನಿಯಮ ಬರೆದು ಎರಡೂ ಕಡೆ ಓಡಿಸುವುದಂತೂ ಬಹಳ ಒಳ್ಳೆಯದು. ಆದರೆ ಎರಡರಲ್ಲಿ ಒಂದನ್ನು ತೆಗೆಯಬೇಕಾಗಿ ಬಂದರೆ ತೆಗೆಯಬೇಕಾದ್ದು ಬ್ರೌಸರಿನದು ಎಂಬುದು ಮನಸ್ಸಿನಲ್ಲಿರಲಿ. ನಮ್ಮಲ್ಲಿ ಆಗುತ್ತಿರುವುದು ಅದರ ಉಲ್ಟಾ: ಮುಂದೆ ನಾಲ್ಕು ಲೈಬ್ರರಿ, ಹಿಂದೆ ‘ಮುಂದೆ ಚೆಕ್ ಆಗಿದೆಯಲ್ಲ’ ಎಂಬ ಧೈರ್ಯ.

ಫ್ರೇಮ್‌ವರ್ಕ್ ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನೂ ದಿನಾ ಅದರಲ್ಲೇ ಅನ್ನ ತಿನ್ನುವವಳು. ನೀವು ಈ ವಾರ ಕಟ್ಟುವ ಫಾರಂ ಮುಂದೆ ಎರಡು ಪರೀಕ್ಷೆ ಮಾಡಿ, ಅಷ್ಟು ಸಾಕು. ಮೊದಲನೆಯದು, ಬ್ರೌಸರಿನ ಪರೀಕ್ಷೆಗಳನ್ನೆಲ್ಲ ಆಫ್ ಮಾಡಿ ತಪ್ಪು ಮಾಹಿತಿ ಕಳಿಸಿ: ಸರ್ವರ್ ತಡೆಯಬೇಕು, ಬರೆದದ್ದೆಲ್ಲ ಬಾಕ್ಸಿನಲ್ಲೇ ಉಳಿದಿರಬೇಕು. ಎರಡನೆಯದು, ನಿಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲಿ, ಒತ್ತು ಗುಣಿತ ಇನಿಷಿಯಲ್ ಎಲ್ಲ ಸೇರಿಸಿ ಬರೆಯಿರಿ. ಒಂದು ಕೆಂಪಕ್ಷರ ಕಂಡರೂ ತಿದ್ದಬೇಕಾದ್ದು ನಿಮ್ಮ ಕೋಡನ್ನು, ಅಜ್ಜಿಯ ಹೆಸರನ್ನಲ್ಲ.